ಸಣ್ಣ ಜಾಗದಲ್ಲಿ ವರ್ಟಿಕಲ್ ಗಾರ್ಡನ್: ಬೆಳಕು, ಭಾರ, ನೀರಿನ ಲೆಕ್ಕ

ವರ್ಟಿಕಲ್ ಗಾರ್ಡನ್, ಅಂದರೆ ಗೋಡೆಗುಂಟ ಸಾಲುಸಾಲಾಗಿ ಗಿಡ ಏರಿಸಿದ ತೋಟ, ಕೆಟ್ಟಾಗ ಬಹಳಷ್ಟು ಜನ ಗಿಡವನ್ನೋ ಗೊಬ್ಬರವನ್ನೋ ದೂರುತ್ತಾರೆ. ಹತ್ತಿರ ಹೋಗಿ ನೋಡಿದರೆ ಬೇರೆಯೇ ಕಾಣುತ್ತದೆ. ಮೇಲಿನ ಸಾಲಿನ ಕುಂಡಗಳಲ್ಲಿ ಮಣ್ಣು ಒಣಗಿ ಕುಗ್ಗಿ ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ಕೆಳಗಿನ ಸಾಲಿನಲ್ಲಿ ಗಿಡದ ಬುಡ ಕಪ್ಪಾಗಿ, ಮಣ್ಣಿನಿಂದ ಹುಳಿ ವಾಸನೆ ಬರುತ್ತಿರುತ್ತದೆ. ಒಂದೇ ಗೋಡೆಯ ಮೇಲೆ ಬರವೂ ಇದೆ, ನೆರೆಯೂ ಇದೆ. ಯಾವ ಗಿಡ ಬೆಳೆಯಲಿ ಎಂಬ ಪ್ರಶ್ನೆ ಅದಕ್ಕೇ ಕೊನೆಗೆ ಬರಬೇಕು. ಬೆಳಕು ಎಷ್ಟಿದೆ, ಭಾರವನ್ನು ಯಾವುದು ಹೊರುತ್ತದೆ, ಪ್ರತಿ ಸಾಲಿಗೂ ನೀರು ಹೇಗೆ ತಲುಪುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ.

ಯಾವ ಬಗೆಯ ಗೋಡೆತೋಟ?

ಗೋಡೆಗೆ ಗಿಡ ಏರಿಸುವ ವಿಚಾರ ಹಳೆಯದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟ್ಯಾನ್ಲಿ ಹಾರ್ಟ್ ವೈಟ್ 1938ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇಂದು ಫೋಟೋಗಳಲ್ಲಿ ಕಾಣುವ ದಟ್ಟ ಹಸಿರು ಗೋಡೆಗಳಿಗೆ ಹೆಸರು ತಂದುಕೊಟ್ಟವರು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್. ಪ್ಯಾರಿಸ್ಸಿನ ಕೇ ಬ್ರಾನ್ಲಿ ಮ್ಯೂಸಿಯಂನ ಹಸಿರು ಗೋಡೆ ಅವರದೇ. ಆ ವಿಧಾನದಲ್ಲಿ ಮಣ್ಣೇ ಇಲ್ಲ. ಲೋಹದ ಚೌಕಟ್ಟಿಗೆ ಪಿವಿಸಿ ಹಲಗೆ, ಅದರ ಮೇಲೆ ಫೆಲ್ಟ್ ಎಂಬ ದಪ್ಪ, ಒತ್ತಿ ಮಾಡಿದ ಬಟ್ಟೆ, ಬಟ್ಟೆಯ ಮೇಲೆ ಬೇರು. ಪೋಷಕಾಂಶ ಬೆರೆಸಿದ ನೀರನ್ನು ಪಂಪು ದಿನಕ್ಕೆ ಹಲವು ಬಾರಿ ಮೇಲಿನಿಂದ ಇಳಿಸುತ್ತದೆ.

ಇದನ್ನು ನೋಡಿ ಬರೀ ಫೆಲ್ಟ್ ಜೇಬುಗಳನ್ನು ತಂದು ನೇತುಹಾಕಿ, ಕೈಯಲ್ಲಿ ನೀರು ಹಾಕುತ್ತೇವೆ ಎಂದು ಹೊರಟರೆ ಮೊದಲ ಬೇಸಿಗೆಯಲ್ಲೇ ತೋಟ ಕೈಬಿಡುತ್ತದೆ. ಒಂದು ಜೇಬಿನಲ್ಲಿ ಹಿಡಿಯುವ ಮಣ್ಣು ಕಡಿಮೆ, ಬಟ್ಟೆಯ ಇಡೀ ಮೈಯಿಂದ ನೀರು ಆವಿಯಾಗುತ್ತದೆ. ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇರುವುದಿಲ್ಲ. ಡ್ರಿಪ್ (ಪೈಪಿನಿಂದ ಹನಿಹನಿಯಾಗಿ ನೀರುಣಿಸುವ) ವ್ಯವಸ್ಥೆ ಇಲ್ಲದೆ ಫೆಲ್ಟ್ ಜೇಬಿಗೆ ಕೈ ಹಾಕಬೇಡಿ.

ಸಣ್ಣ ಜಾಗಕ್ಕೆ ನಮ್ಮ ಸಲಹೆ ಒಂದೇ: ನೆಲದ ಮೇಲೆ ನಿಲ್ಲುವ ಚೌಕಟ್ಟು, ಅದರಲ್ಲಿ ಒಂದೊಂದಾಗಿ ತೆಗೆಯಬಹುದಾದ ಕುಂಡಗಳು. ಒಂದು ಗಿಡಕ್ಕೆ ರೋಗ ಬಂದರೆ ಆ ಕುಂಡವನ್ನಷ್ಟೇ ಇಳಿಸಬಹುದು. ಗಿಡ ಬೆಳಕಿನತ್ತ ವಾಲಿದರೆ ಕುಂಡ ತಿರುಗಿಸಬಹುದು. ಕೈಯಲ್ಲಿ ಎತ್ತಿ ನೋಡಿದರೆ ಒಳಗೆ ನೀರಿದೆಯೇ ಇಲ್ಲವೇ ಎಂದೂ ತಿಳಿಯುತ್ತದೆ. ಇಲ್ಲಿ ಕೊಡುವ ಲೆಕ್ಕವೆಲ್ಲ 120 ಸೆಂ.ಮೀ. ಅಗಲ, 180 ಸೆಂ.ಮೀ. ಎತ್ತರದ ಚೌಕಟ್ಟಿಗೆ, ಐದು ಸಾಲು, ಸಾಲಿಗೆ ಐದು ಕುಂಡ, ಒಟ್ಟು 25. ನಿಮ್ಮ ಜಾಗ ಚಿಕ್ಕದಿದ್ದರೆ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ.

ಹಂತ 1: ಬೆಳಕು ನೋಡಿ

ಬಾಲ್ಕನಿಗೆ ಬಿಸಿಲು ಬರುತ್ತದೆ ಎಂದರೆ ಗೋಡೆಗೂ ಬರುತ್ತದೆ ಎಂದೇನಿಲ್ಲ. ಚೌಕಟ್ಟು ನಿಲ್ಲುವ ಜಾಗದಲ್ಲೇ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಒಂದು ಫೋಟೋ ತೆಗೆಯಿರಿ. ಗೋಡೆಯ ಮೇಲ್ಭಾಗ, ನಡು, ಕೆಳಭಾಗ ಮೂರೂ ಕಾಣಬೇಕು. ನೇರ ಬಿಸಿಲು ಬಿದ್ದ ಗಂಟೆಗಳನ್ನು ಮೂರಕ್ಕೂ ಬೇರೆ ಬೇರೆಯಾಗಿ ಎಣಿಸಿ.

ಮೇಲೆ ಚಾವಣಿ ಇಲ್ಲದ ಗೋಡೆಯಾದರೆ ಮೇಲಿನ ಸಾಲಿಗೆ ಹೆಚ್ಚು ಬಿಸಿಲು. ಚಾವಣಿ ಇರುವ ಬಾಲ್ಕನಿಯಲ್ಲಿ ಇದು ತಲೆಕೆಳಗು: ಸೂರ್ಯ ನೆತ್ತಿಯ ಹತ್ತಿರ ಬಂದಾಗ ಚಾವಣಿಯ ನೆರಳು ಮೇಲಿನ ಸಾಲುಗಳ ಮೇಲೆ ಬೀಳುತ್ತದೆ, ಬಿಸಿಲು ಕೆಳಗಿನ ಸಾಲುಗಳಿಗಷ್ಟೇ ಸಿಗುತ್ತದೆ. ಇದನ್ನು ಗಮನಿಸದೆ ಬಿಸಿಲಿನ ಗಿಡಗಳನ್ನು ಮೇಲಿಟ್ಟರೆ ಅವು ಕಾಂಡ ಉದ್ದ ಮಾಡಿಕೊಂಡು ಹೊರಕ್ಕೆ ಬಾಗುತ್ತವೆ. ಸೂರ್ಯನ ದಾರಿ ಋತುವಿನ ಜೊತೆ ಬದಲಾಗುವುದರಿಂದ ನಾಲ್ಕು ತಿಂಗಳ ನಂತರ ಮತ್ತೊಮ್ಮೆ ನೋಡಿ.

ಮೆಣಸಿನಕಾಯಿ, ಟೊಮೆಟೊ, ಬೀನ್ಸ್, ಸೌತೆಯಂಥ ಕಾಯಿ ಬಿಡುವ ಗಿಡಗಳಿಗೆ ಕನಿಷ್ಠ 6 ಗಂಟೆಯ ನೇರ ಬಿಸಿಲು ಬೇಕು. ಪಾಲಕ್, ಲೆಟ್ಯೂಸ್, ಪುದೀನ, ಕೊತ್ತಂಬರಿಗೆ 3ರಿಂದ 4 ಗಂಟೆ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ತಿನ್ನುವ ಬೆಳೆಯ ಆಸೆ ಬಿಟ್ಟು ಮನಿ ಪ್ಲಾಂಟ್, ಸಿಂಗೋನಿಯಂ, ಫಿಲೋಡೆಂಡ್ರಾನ್, ಸ್ಪೈಡರ್ ಪ್ಲಾಂಟ್, ಜರಿಗಿಡಗಳಿಗೆ ಜಾಗ ಕೊಡಿ. ನೆರಳಿನ ಗೋಡೆಯನ್ನು ಇವು ಚೆನ್ನಾಗಿ ತುಂಬುತ್ತವೆ.

ಹಂತ 2: ಭಾರ ಲೆಕ್ಕ ಹಾಕಿ

ಒಣ ಕುಂಡ ಹಗುರ. ತೋಟ ಹೊರಬೇಕಾದ್ದು ನೀರು ಕುಡಿದ ಕುಂಡಗಳ ಭಾರ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಮಿಶ್ರಣ ನೀರು ಕುಡಿದಾಗ ಲೀಟರಿಗೆ ಸುಮಾರು 1 ಕೆ.ಜಿ. ತೂಗುತ್ತದೆ. ಬರೀ ತೋಟದ ಮಣ್ಣಾದರೆ ಲೀಟರಿಗೆ 1.7 ಕೆ.ಜಿ.ಗೂ ಹೆಚ್ಚು. 3 ಲೀಟರಿನ 25 ಕುಂಡ, ಕುಂಡ ಮತ್ತು ಗಿಡದ ತೂಕ ಅರ್ಧ ಕೆ.ಜಿ. ಎಂದು ಹಿಡಿದರೆ ಹಗುರ ಮಿಶ್ರಣದಲ್ಲಿ 87.5 ಕೆ.ಜಿ., ಚೌಕಟ್ಟು ಸೇರಿ ಸುಮಾರು 100 ಕೆ.ಜಿ. ಅದೇ ಕುಂಡಗಳಿಗೆ ಮಣ್ಣು ತುಂಬಿದರೆ ಒಟ್ಟು 150 ಕೆ.ಜಿ. ದಾಟುತ್ತದೆ.

ಇಷ್ಟು ಭಾರವನ್ನು ಗೋಡೆಯ ನಾಲ್ಕು ಮೊಳೆಗಳಿಗೆ ನೇತುಹಾಕಬಾರದು. ಚೌಕಟ್ಟಿನ ಕಾಲು ನೆಲಕ್ಕೆ ಊರಿರಲಿ, ಭಾರವೆಲ್ಲ ನೆಲಕ್ಕೆ ಇಳಿಯಲಿ. ಗೋಡೆಗೆ ಬಿಗಿಯುವ ಆಂಕರ್ ಬೋಲ್ಟುಗಳು ಅದು ಮುಂದಕ್ಕೆ ಬೀಳದಂತೆ ಹಿಡಿಯಲು ಮಾತ್ರ. ಹೊರಕ್ಕೆ ಚಾಚಿದ ಬಾಲ್ಕನಿಯಾದರೆ ಚೌಕಟ್ಟನ್ನು ಮನೆಯ ಗೋಡೆಗೆ ಒತ್ತಿ ಇಡಿ; ಹೊರ ಅಂಚಿನಲ್ಲಿಟ್ಟ ಭಾರ ಅಂಥ ಚಪ್ಪಡಿಯನ್ನು ಬಹಳ ಹೆಚ್ಚಾಗಿ ಜಗ್ಗುತ್ತದೆ. ಕಟ್ಟಡ ಹಳೆಯದಾಗಿದ್ದು ಚಪ್ಪಡಿಯಲ್ಲಿ ಬಿರುಕು ಕಂಡರೆ ಎಂಜಿನಿಯರಿಗೆ ತೋರಿಸದೆ ಮುಂದುವರಿಯಬೇಡಿ. ಕಂಬಿಯ ಹೊರಬದಿಗೆ ಕುಂಡ ನೇತುಹಾಕುವುದಂತೂ ಬೇಡವೇ ಬೇಡ. ಕೆಳಗೆ ಜನ ಓಡಾಡುತ್ತಾರೆ.

ಹಂತ 3: ಚೌಕಟ್ಟು

ಬೇಕಾಗುವ ಸಾಮಾನು ಇಷ್ಟು:

- 25 ಮಿ.ಮೀ. ಚೌಕ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಚೌಕಟ್ಟು, ತುಕ್ಕು ತಡೆಯುವ ಬಣ್ಣ ಬಳಿದದ್ದು
- ಅದಕ್ಕೆ ಬೆಸೆದ ಅಥವಾ ತಂತಿಯಿಂದ ಬಿಗಿದ ವೆಲ್ಡ್ ಮೆಶ್ ಜಾಲರಿ, ಕಿಂಡಿ 5 ಸೆಂ.ಮೀ.
- ಹಿಂಬದಿ ಚಪ್ಪಟೆ ಇರುವ ಅಥವಾ ಕೊಕ್ಕೆ ಇರುವ, 15 ಸೆಂ.ಮೀ. ಆಳದ ಪ್ಲಾಸ್ಟಿಕ್ ಕುಂಡ 25, ಹೆಚ್ಚುವರಿ 5
- ಗೋಡೆಗೆ ನಾಲ್ಕು ಆಂಕರ್ ಬೋಲ್ಟ್, ನಡುವೆ ಕೊಡಲು ನಾಲ್ಕು ಪೈಪಿನ ತುಂಡು
- ಕೆಳಗೆ ನೀರು ಹಿಡಿಯಲು ಉದ್ದನೆಯ ಟ್ರೇ ಅಥವಾ ಸೀಳಿದ ಪಿವಿಸಿ ಪೈಪು

ಗೋಡೆಗೂ ಚೌಕಟ್ಟಿಗೂ ನಡುವೆ 5ರಿಂದ 8 ಸೆಂ.ಮೀ. ಅಂತರ ಬಿಡಲೇಬೇಕು. ಗಾಳಿ ಆಡದಿದ್ದರೆ ಗೋಡೆ ತೇವ ಹಿಡಿದು ಬಣ್ಣ ಉಬ್ಬಿ ಕಪ್ಪು ಬೂಷ್ಟು ಕೂರುತ್ತದೆ. ಜೊತೆಗೆ ಬಿಸಿಲಿಗೆ ಕಾದ ಗೋಡೆ ಸಂಜೆಯ ನಂತರವೂ ಬೇರಿಗೆ ಕಾವು ಕೊಡುತ್ತಿರುತ್ತದೆ. ಪೈಪಿನ ತುಂಡುಗಳು ಈ ಅಂತರಕ್ಕಾಗಿಯೇ.

ಡ್ರಿಲ್ ಮಾಡುವ ಮುನ್ನ ಗೋಡೆಯೊಳಗೆ ನೀರಿನ ಪೈಪು, ವಿದ್ಯುತ್ ತಂತಿ ಎಲ್ಲಿ ಹೋಗಿದೆ ನೋಡಿ. ನಲ್ಲಿ ಮತ್ತು ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ತೂತು ಕೊರೆಯಬೇಡಿ. ಟೊಳ್ಳು ಇಟ್ಟಿಗೆಯ ಗೋಡೆಯಲ್ಲಿ ಸಾಮಾನ್ಯ ಆಂಕರ್ ಹಿಡಿಯುವುದಿಲ್ಲ. ಟೊಳ್ಳು ಗೋಡೆಗೆಂದೇ ಬರುವ ಆಂಕರ್ ಬೇಕು.

ಸಾಲುಗಳ ನಡುವೆ 35 ಸೆಂ.ಮೀ. ಬಿಡಿ. ಇದಕ್ಕಿಂತ ಹತ್ತಿರ ಇಟ್ಟರೆ ಮೊದಲ ತಿಂಗಳು ತೋಟ ತುಂಬಿದಂತೆ ಕಂಡರೂ ಮೂರನೇ ತಿಂಗಳಿಗೆ ಮೇಲಿನ ಎಲೆ ಕೆಳಗಿನದಕ್ಕೆ ಕತ್ತಲೆ ಕವಿಸುತ್ತದೆ.

ಸರಕು ಸಾಗಿಸುವ ಮರದ ಪ್ಯಾಲೆಟ್ ಬಳಸುವವರು ಅದರ ಮೇಲಿನ ಮುದ್ರೆ ಓದಿ. ಎಚ್‌ಟಿ ಎಂದಿದ್ದರೆ ಬಿಸಿ ಮಾಡಿ ಸಂಸ್ಕರಿಸಿದ್ದು, ಬಳಸಬಹುದು. ಎಂಬಿ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಕಿದ್ದು, ತಿನ್ನುವ ಗಿಡಕ್ಕೆ ಬೇಡ. ಪಾರದರ್ಶಕ ಬಾಟಲಿಗಳನ್ನು ಕುಂಡ ಮಾಡಿಕೊಂಡರೆ ಹೊರಗೆ ಬಣ್ಣ ಬಳಿಯಿರಿ, ಇಲ್ಲದಿದ್ದರೆ ಒಳಗೆ ಪಾಚಿ ಕಟ್ಟುತ್ತದೆ.

ಹಂತ 4: ಮಿಶ್ರಣ

ಅಳತೆ ತೂಕದಲ್ಲಲ್ಲ, ಗಾತ್ರದಲ್ಲಿ. ಒಂದೇ ಬಕೆಟ್ಟಿನಿಂದ ಅಳೆಯಿರಿ. ನಾಲ್ಕು ಪಾಲು ಕೋಕೋಪೀಟ್, ಮೂರು ಪಾಲು ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ಕಾಂಪೋಸ್ಟ್, ಎರಡು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು), ಒಂದು ಪಾಲು ತೋಟದ ಮಣ್ಣು. ಪ್ರತಿ 10 ಲೀಟರ್ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿ. 25 ಕುಂಡಕ್ಕೆ 75 ಲೀಟರ್ ಬೇಕು. ನೀರು ಬಿದ್ದಾಗ ತಗ್ಗುವುದರಿಂದ 80 ಲೀಟರ್ ಮಾಡಿಕೊಳ್ಳಿ. ಅಂದರೆ 32 ಲೀಟರ್ ನೆನೆದ ಕೋಕೋಪೀಟ್, 24 ಲೀಟರ್ ಗೊಬ್ಬರ, 16 ಲೀಟರ್ ಪರ್ಲೈಟ್, 8 ಲೀಟರ್ ಮಣ್ಣು. 5 ಕೆ.ಜಿ.ಯ ಒತ್ತಿದ ಕೋಕೋಪೀಟ್ ಇಟ್ಟಿಗೆ ನೆನೆದಾಗ 60 ಲೀಟರಿಗೂ ಹೆಚ್ಚು ಉಬ್ಬುತ್ತದೆ, ಆದ್ದರಿಂದ ಅರ್ಧ ಇಟ್ಟಿಗೆಯಲ್ಲೇ ಕೆಲಸ ಮುಗಿಯುತ್ತದೆ.

ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ. ನೆನೆಸಿ, ಬಸಿದು, ಹೊಸ ನೀರು ಹಾಕಿ ಮತ್ತೆ ಬಸಿಯಿರಿ. ಮೊದಲ ನೀರು ಚಹಾದ ಬಣ್ಣಕ್ಕಿರುತ್ತದೆ, ಮೂರನೆಯದು ತಿಳಿಯಾಗುತ್ತದೆ. ತೊಳೆಯದೆ ತುಂಬಿದ ಕುಂಡಗಳಲ್ಲಿ ಎಳೆ ಸಸಿಗಳ ಎಲೆತುದಿ ಸುಟ್ಟಂತೆ ಕಂದಾಗುತ್ತದೆ.

ಕುಂಡದ ತಳದಲ್ಲಿ 8 ಮಿ.ಮೀ.ನ ನಾಲ್ಕೈದು ತೂತು ಇರಲಿ, ಮೇಲೆ ಒಂದು ತುಂಡು ಸೊಳ್ಳೆ ಜಾಲರಿ. ಜಲ್ಲಿ ಹಾಕಬೇಡಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಬಲವಾಗಿದೆ, ಆಗುವುದು ಮಾತ್ರ ತದ್ವಿರುದ್ಧ. ಸಣ್ಣ ರಂಧ್ರಗಳ ಮಿಶ್ರಣದಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಿಶ್ರಣ ಪೂರ್ತಿ ನೆನೆಯುವ ತನಕ ಮೇಲೇ ನಿಲ್ಲುತ್ತದೆ. 15 ಸೆಂ.ಮೀ. ಕುಂಡದಲ್ಲಿ 4 ಸೆಂ.ಮೀ. ಜಲ್ಲಿ ಹಾಕಿದರೆ ಬೇರಿಗೆ ಉಳಿಯುವುದು 11 ಸೆಂ.ಮೀ., ಅದರ ಕೆಳಭಾಗ ಸದಾ ಒದ್ದೆ.

ಹಂತ 5: ನೀರು

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹಂತ ಇದು. ಬಿಸಿಲಿನ ದಿನಗಳಲ್ಲಿ 3 ಲೀಟರಿನ ಕುಂಡಕ್ಕೆ ದಿನಕ್ಕೆ ಸುಮಾರು 300 ಮಿ.ಲೀ. ಎಂದಿಟ್ಟುಕೊಂಡರೆ 25 ಕುಂಡಕ್ಕೆ ಏಳೂವರೆ ಲೀಟರ್. ಕೈಯಲ್ಲಿ ಹಾಕುವುದಾದರೆ ಉದ್ದ ಮೂತಿಯ ಕ್ಯಾನ್ ಹಿಡಿದು ಪ್ರತಿ ಕುಂಡಕ್ಕೂ ಬೇರೆಯಾಗಿ ಹಾಕಿ. ಮೇಲಿನಿಂದ ಸುರಿದರೆ ಕೆಳಗಿನವಕ್ಕೆ ತಾನಾಗಿ ಇಳಿಯುತ್ತದೆ ಎಂದು ಬಿಟ್ಟರೆ ಮೇಲಿನ ಕುಂಡಗಳಿಂದ ತೊಳೆದು ಬಂದ ಉಪ್ಪೂ ಗೊಬ್ಬರವೂ ಕೆಳಗೆ ಸೇರುತ್ತಾ ಹೋಗುತ್ತವೆ, ಎಲೆಗಳ ಮೇಲೆ ಹನಿ ಬಿದ್ದು ಚುಕ್ಕೆ ರೋಗ ಹರಡುತ್ತದೆ.

ದಿನವೂ ಹತ್ತಿಪ್ಪತ್ತು ನಿಮಿಷ ಕೊಡಲಾಗದವರು ಡ್ರಿಪ್ ಹಾಕಿಸಿಕೊಳ್ಳಿ. 16 ಮಿ.ಮೀ. ಮುಖ್ಯ ಪೈಪು, ಅದರಿಂದ 4 ಮಿ.ಮೀ. ಕಿರುಪೈಪು, ಕುಂಡಕ್ಕೊಂದು ಡ್ರಿಪ್ಪರ್ (ಹನಿ ಬಿಡುವ ಮೂತಿ), ಶುರುವಿನಲ್ಲಿ ಒಂದು ಜಾಲರಿ ಫಿಲ್ಟರ್, ಒಂದು ಟೈಮರ್. ಗಂಟೆಗೆ 2 ಲೀಟರಿನ ಡ್ರಿಪ್ಪರ್ 9 ನಿಮಿಷದಲ್ಲಿ 300 ಮಿ.ಲೀ. ಕೊಡುತ್ತದೆ. ಅದನ್ನು ಒಂದೇ ಸಲ ಬಿಡದೆ ಬೆಳಿಗ್ಗೆ 5 ನಿಮಿಷ, ಮಧ್ಯಾಹ್ನದ ನಂತರ 4 ನಿಮಿಷ ಎಂದು ಹಂಚಿ. ಸಣ್ಣ ಕುಂಡ ಒಮ್ಮೆಗೇ ಅಷ್ಟನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.

ಎತ್ತರದ ತೋಟದಲ್ಲಿ ಡ್ರಿಪ್ ಎರಡು ಕಡೆ ಕೈಕೊಡುತ್ತದೆ. ಮೊದಲನೆಯದು ಒತ್ತಡ. ನೀರಿನ ಎತ್ತರ 10 ಮೀಟರ್ ಇದ್ದರೆ ಸುಮಾರು 1 ಬಾರ್ ಒತ್ತಡ. ಮೇಲಿನ ಸಾಲಿಗಿಂತ 1 ಮೀಟರ್ ಎತ್ತರದಲ್ಲಿ ಡ್ರಮ್ ಇಟ್ಟರೆ ಮೇಲಿನ ಡ್ರಿಪ್ಪರಿಗೆ ಸಿಗುವುದು 0.1 ಬಾರ್, 140 ಸೆಂ.ಮೀ. ಕೆಳಗಿರುವ ಕೊನೆಯ ಸಾಲಿಗೆ 0.24 ಬಾರ್. ಪರಿಣಾಮವಾಗಿ ಕೆಳಗಿನ ಸಾಲಿಗೆ ಸುಮಾರು ಒಂದೂವರೆ ಪಟ್ಟು ನೀರು ಹೋಗುತ್ತದೆ. ಇಂಥ ಕಡೆ ತಿರುಗಿಸಿ ಹೊಂದಿಸುವ ಡ್ರಿಪ್ಪರ್ ಹಾಕಿ, ಮೇಲಿನವನ್ನು ಸಡಿಲಿಸಿ, ಕೆಳಗಿನವನ್ನು ಬಿಗಿ ಮಾಡಿ. ಒಂದೊಂದು ಸಾಲಿನಿಂದ ಒಂದು ಡ್ರಿಪ್ಪರನ್ನು ಲೋಟಕ್ಕೆ ಬಿಟ್ಟು 5 ನಿಮಿಷ ಹಿಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒತ್ತಡ ಸರಿದೂಗಿಸುವ ಡ್ರಿಪ್ಪರುಗಳು ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. 1 ಬಾರ್ ಅಥವಾ ಹೆಚ್ಚು ಒತ್ತಡದ ನಲ್ಲಿ, ಪಂಪು ಇದ್ದರೆ ಅವೇ ಉತ್ತಮ.

ಎರಡನೆಯದು ಹೆಚ್ಚು ಜನರ ಗಮನಕ್ಕೆ ಬಾರದ್ದು. ನಲ್ಲಿ ನಿಂತ ಮೇಲೂ ಪೈಪಿನೊಳಗೆ ಉಳಿದ ನೀರು ಅತ್ಯಂತ ಕೆಳಗಿನ ಡ್ರಿಪ್ಪರುಗಳಿಂದ ಸೋರಿ ಹೋಗುತ್ತದೆ. 16 ಮಿ.ಮೀ. ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 140 ಮಿ.ಲೀ. ನೀರಿರುತ್ತದೆ. 8 ಮೀಟರ್ ಪೈಪು ಬಳಸಿದ್ದರೆ ಪ್ರತಿ ಸಲವೂ ಲೀಟರಿಗಿಂತ ಹೆಚ್ಚು ನೀರು ಕೊನೆಯ ಐದು ಕುಂಡಗಳ ಪಾಲು. ದಿನಕ್ಕೆರಡು ಸಲ ಬಿಟ್ಟರೆ ಅದರ ಎರಡರಷ್ಟು. ಕೆಳಸಾಲು ಕೊಳೆಯಲು ಇದೊಂದೇ ಸಾಕು. ನೀರು ನಿಂತೊಡನೆ ತಾನಾಗಿ ಮುಚ್ಚಿಕೊಳ್ಳುವ ಡ್ರಿಪ್ಪರ್ ಸಿಕ್ಕರೆ ಹಾಕಿ. ಸಿಗದಿದ್ದರೆ ಮುಖ್ಯ ಪೈಪಿನ ಕೆಳತುದಿಯನ್ನು ಕೊನೆಯ ಸಾಲಿಗಿಂತಲೂ ಕೆಳಕ್ಕೆ ಎಳೆದು ಅಲ್ಲೊಂದು ಸಣ್ಣ ಕವಾಟ ಕೊಡಿ. ನೀರು ಬಿಟ್ಟಾದ ಮೇಲೆ ಅದನ್ನು ತೆರೆದರೆ ಉಳಿದದ್ದು ಬಕೆಟ್ಟಿಗೆ ಬೀಳುತ್ತದೆ.

ಡ್ರಿಪ್ಪರಿನ ಬಾಯಲ್ಲಿ ಬಿಳಿ ಉಪ್ಪು ಕಟ್ಟಿದರೆ ಬಿಚ್ಚಿ ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಕೆಳಗಿನ ಟ್ರೇಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಡಿ, ನೀರು ವಾರಗಟ್ಟಲೆ ನಿಂತರೆ ಸೊಳ್ಳೆ ಮರಿ ಮಾಡುತ್ತದೆ.

ಯಾವುದೇ ಕುಂಡ ಪೂರ್ತಿ ಒಣಗಿ ಮಿಶ್ರಣ ಅಂಚಿನಿಂದ ಬಿಟ್ಟುಕೊಂಡಿದ್ದರೆ ಮೇಲೆ ನೀರು ಹಾಕಿ ಪ್ರಯೋಜನವಿಲ್ಲ. ನೀರು ಬಿರುಕಿನಿಂದ ಇಳಿದು ತಳದಿಂದ ಹೊರಬರುತ್ತದೆ, ನಡುವಿನ ಬೇರಿನ ಮುದ್ದೆ ಒಣಗಿಯೇ ಇರುತ್ತದೆ. ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ. ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯಬಹುದು.

ಹಂತ 6: ಗಿಡ ಎಲ್ಲಿಗೆ ಯಾವುದು

ಬೇಗ ಒಣಗುವ ಮೇಲಿನ ಸಾಲಿಗೆ ಬಿಸಿಲಿದ್ದರೆ ರೋಸ್‌ಮರಿ, ಥೈಮ್, ದೊಡ್ಡಪತ್ರೆ. ನಡುವೆ ಪಾಲಕ್, ಲೆಟ್ಯೂಸ್, ತುಳಸಿ ಜಾತಿಯ ಗಿಡಗಳು. ತೇವ ಹೆಚ್ಚಿರುವ ಕೆಳಸಾಲಿಗೆ ಪುದೀನ. ಪುದೀನಕ್ಕೆ ಸ್ವಂತ ಕುಂಡ ಬೇಕು, ಬೇರೆ ಗಿಡದ ಜೊತೆ ಹಾಕಿದರೆ ಅದರ ಬೇರು ಎಲ್ಲವನ್ನೂ ಆಕ್ರಮಿಸುತ್ತದೆ. ಇಳಿಬೀಳುವ ಗಿಡಗಳನ್ನು ಮೇಲಿಡಬೇಕೆನಿಸುತ್ತದೆ, ಇಡಿ, ಆದರೆ ಸಾಲಿನ ಎರಡು ತುದಿಗೆ ಮಾತ್ರ.

3 ಲೀಟರಿನ ಕುಂಡದಲ್ಲಿ ಟೊಮೆಟೊ ಬೆಳೆಯುವ ಆಸೆ ಬೇಡ. ಹೂ ಬಿಡುತ್ತದೆ, ಬಿಸಿಲೇರಿದೊಡನೆ ಬಾಡಿ ಹೂ ಉದುರಿಸುತ್ತದೆ. ಮೆಣಸಿನಕಾಯಿಗೆ 8ರಿಂದ 10 ಲೀಟರ್, ಟೊಮೆಟೊ ಮತ್ತು ಬಳ್ಳಿ ತರಕಾರಿಗೆ 15ರಿಂದ 20 ಲೀಟರ್ ಬೇಕು. ಅವನ್ನು ಚೌಕಟ್ಟಿನ ಬದಿಯಲ್ಲಿ ನೆಲದ ಮೇಲೇ ಇಟ್ಟು ಮೇಲಕ್ಕೆ ಹಬ್ಬಿಸಿ. ಬಳ್ಳಿಗಳೆಲ್ಲ ಒಂದೇ ರೀತಿ ಏರುವುದಿಲ್ಲ. ಬೀನ್ಸ್ ಕಾಂಡವೇ ಸುತ್ತಿಕೊಂಡು ಏರುವುದರಿಂದ ಅದಕ್ಕೆ ಕೋಲು ಸಾಕು. ಸೌತೆ, ಹಾಗಲ, ಬಟಾಣಿ ಬಳ್ಳಿಗಳು ತೆಳು ತಂತುಗಳಿಂದ ಹಿಡಿಯುತ್ತವೆ. ದಪ್ಪ ಕೋಲನ್ನು ಅವು ಹಿಡಿಯಲಾರವು, ದಾರ ಅಥವಾ ತೆಳು ತಂತಿಯ ಬಲೆ ಬೇಕು. ಟೊಮೆಟೊ ತಾನಾಗಿ ಹಿಡಿಯುವುದೇ ಇಲ್ಲ, ಪ್ರತಿ 20 ಸೆಂ.ಮೀ.ಗೆ ಸಡಿಲವಾಗಿ ಕಟ್ಟಬೇಕು.

ಸಸಿಗಳನ್ನು ಟ್ರೇಯಲ್ಲಿ ಬೆಳೆಸಿ ನಾಲ್ಕು ನಿಜ ಎಲೆ (ಮೊಳಕೆಯ ಮೊದಲ ಎಲೆಗಳನ್ನು ಬಿಟ್ಟು) ಬಂದಾಗ ಸಂಜೆ ಹೊತ್ತು ನೆಡಿ. ಕೊತ್ತಂಬರಿ, ಮೆಂತ್ಯ ಕಿತ್ತು ನೆಟ್ಟರೆ ಸೊರಗುತ್ತವೆ, ನೇರ ಕುಂಡಕ್ಕೇ ಬಿತ್ತಿ. ಅಂಚಿಗಿಂತ 2 ಸೆಂ.ಮೀ. ಕೆಳಗೆ ಮಿಶ್ರಣ ನಿಲ್ಲಲಿ. ಕುಂಡಗಳನ್ನು ಒಂದೆರಡು ವಾರ ನೆಲದ ಮೇಲೆ ನೆರಳಿನಲ್ಲಿಟ್ಟು, ಬೇರು ಹಿಡಿದ ಮೇಲೆ ಚೌಕಟ್ಟಿಗೆ ಏರಿಸಿ; ಕೆಳಗಿನ ಸಾಲಿನಿಂದ ತುಂಬುತ್ತಾ ಬನ್ನಿ, ಚೌಕಟ್ಟು ಮುಂದಕ್ಕೆ ವಾಲುವುದಿಲ್ಲ.

ಆಮೇಲಿನ ಆರೈಕೆ

ದಿನವೂ ನೀರು ಹರಿಯುವ ಸಣ್ಣ ಕುಂಡದಲ್ಲಿ ಗೊಬ್ಬರ ಬೇಗ ತೊಳೆದು ಹೋಗುತ್ತದೆ. ತಿಂಗಳಿಗೊಮ್ಮೆ ಕುಂಡಕ್ಕೆ ಒಂದು ಹಿಡಿ ಎರೆಹುಳು ಗೊಬ್ಬರ ಮೇಲಕ್ಕೆ ಹಾಕಿ ಕೆದಕಿ. ಹದಿನೈದು ದಿನಕ್ಕೊಮ್ಮೆ ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ) ಗೊಬ್ಬರವನ್ನು ಲೀಟರಿಗೆ 1ರಿಂದ 2 ಗ್ರಾಂ ಬೆರೆಸಿ ಕೊಡಿ, ಅದೂ ಮಣ್ಣು ಒದ್ದೆ ಇರುವಾಗ.

ಎಲೆ ಏನು ಹೇಳುತ್ತದೆ ನೋಡಿ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕ ಸಾಲುತ್ತಿಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ. ಎಲೆಯ ಅಂಚು ಕಂದಾಗಿ ಕುಂಡದ ಬಾಯಲ್ಲಿ ಬಿಳಿ ಪುಡಿ ಕಂಡರೆ ಉಪ್ಪು ಹೆಚ್ಚಾಗಿದೆ. ಕುಂಡ ಇಳಿಸಿ ಅದರ ಗಾತ್ರದ ಎರಡು ಮೂರು ಪಟ್ಟು ಸಾದಾ ನೀರು ನಿಧಾನವಾಗಿ ಹರಿಸಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದೆ ಎಂದರೆ ಬೇರು ಕೊಳೆಯುತ್ತಿದೆ. ಇನ್ನಷ್ಟು ನೀರು ಹಾಕುವುದು ಆಗ ಮಾಡುವ ಅತಿ ಸಹಜವಾದ, ಅತಿ ದೊಡ್ಡ ತಪ್ಪು.

ಹಿಟ್ಟುತಿಗಣೆ, ಗಿಡಹೇನು, ಬಿಳಿನೊಣ, ಕೆಂಪು ನುಸಿ ಇವೆಲ್ಲ ಗಾಳಿಯಾಡದ ಒಳಬದಿಯಿಂದ ಶುರುವಾಗುತ್ತವೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುವಾಗ ಎಲೆಯ ಅಡಿ ನೋಡಿ. ಕಂಡರೆ ಕುಂಡವನ್ನು ಬೇರೆ ಕಡೆ ಇಟ್ಟು ನೀರಿನ ರಭಸದಿಂದ ಎಲೆಯಡಿ ತೊಳೆಯಿರಿ. ಹೋಗದಿದ್ದರೆ 5 ಮಿ.ಲೀ. ಬೇವಿನೆಣ್ಣೆಗೆ 1ರಿಂದ 2 ಮಿ.ಲೀ. ದ್ರವ ಸೋಪು ಕಲಸಿ, ಆಮೇಲೆ ಒಂದು ಲೀಟರ್ ನೀರಿಗೆ ಬೆರೆಸಿ, ಬಿಸಿಲಿಳಿದ ಮೇಲೆ ಸಿಂಪಡಿಸಿ. ಐದಾರು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸದಿದ್ದರೆ ಮೊಟ್ಟೆಯೊಡೆದು ಬಂದವು ಮತ್ತೆ ತುಂಬಿಕೊಳ್ಳುತ್ತವೆ.

ಹೆಚ್ಚುವರಿ ತಂದಿಟ್ಟ ಐದು ಕುಂಡಗಳಲ್ಲಿ ಸದಾ ಮುಂದಿನ ಸಸಿಗಳು ಬೆಳೆಯುತ್ತಿರಲಿ. ಕಟಾವಾದ ಲೆಟ್ಯೂಸ್, ಹೂ ಬಿಟ್ಟ ಕೊತ್ತಂಬರಿ ಕುಂಡ ಇಳಿಸಿ ಅದೇ ಜಾಗಕ್ಕೆ ತಯಾರಾದದ್ದನ್ನು ಇಡಿ. ಇಳಿಸಿದ ಕುಂಡದ ಬೇರು ತೆಗೆದು, ಮಿಶ್ರಣಕ್ಕೆ ಮೂರನೇ ಒಂದು ಭಾಗ ಹೊಸ ಗೊಬ್ಬರ ಬೆರೆಸಿ ಮತ್ತೆ ಬಿತ್ತಿ. ರೋಗ ಬಂದ ಕುಂಡದ ಮಿಶ್ರಣವನ್ನು ಮಾತ್ರ ಹೀಗೆ ಮರುಬಳಕೆ ಮಾಡಬೇಡಿ.